ಸುಣ್ಣದ ಗೆರೆ

ತೆಲಂಗಾಣ ಚಳವಳಿಯ ವರ್ಷಗಳಲ್ಲಿ ನಾನು ತಾಂಡೂರಿನ ಒಂದು ಫರ್ಸಿಕಲ್ಲಿನ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಕಲ್ಲಿನ, ಗಣಿಯಲ್ಲಿ ಗುಮಾಸ್ತನಾಗಿದ್ದೆ. ಅರಣ್ಯ ಇಲಾಖೆಯ ಕಾವಲುಗಾರನೊಬ್ಬ ಸೈಕಲ್ ಮೇಲೆ ಬರುತ್ತಿದ್ದ. ಅವನ ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಒಪ್ಪಂದಪತ್ರವಿತ್ತು. ಗಣಿಯ ಒಂದು ಮೂಲೆಯ ಬಿರುಕುಗಳಲ್ಲಿ ಅಪರೂಪದ ಸಣ್ಣ ಬಾವಲಿಗಳು ಮರಿ ಹಾಕುತ್ತಿದ್ದವು. ಅಲ್ಲಿ ಕಲ್ಲು ತೆಗೆಯುವುದಿಲ್ಲವೆಂದು ಮಾಲೀಕರು ಸಹಿ ಹಾಕಿದ್ದರು. ಯಾರು ಏನೇ ಕೇಳಲಿ, ಕಾವಲುಗಾರ ಜೇಬು ತಟ್ಟಿ ಹೇಳುತ್ತಿದ್ದ: "ಕಾಗದ ಆಗ್ಯಾದರಿ."

ಚಳವಳಿಯ ಮುಷ್ಕರಕ್ಕೆ ಗಣಿ ನಿಂತಾಗ ಅವನು ಬಕೆಟ್ ಹಿಡಿದು ಬಂದು, ಮಂಡಿಯೂರಿ, ಆ ಮೂಲೆಯ ಸುತ್ತ ಸುಣ್ಣದ ಗೆರೆ ಎಳೆದ. "ಓದಾಕ ಬರದವ್ರಿಗೂ ತಿಳೀಬೇಕಲ್ರಿ," ಎಂದ. ಗಣಿಯಲ್ಲಿ ಎಲ್ಲಿ ಕಲ್ಲು ಕೊಯ್ಯಬೇಕೋ ಅಲ್ಲೇ ಸುಣ್ಣದ ಗೆರೆ ಎಳೆಯುವುದು ರೂಢಿ. ಕಾಡಿನ ಆಳು, ಅವನಿಗದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಪಕ್ಕದಲ್ಲೇ ಮಾಲೀಕರು ಮುಗುಳ್ನಗುತ್ತ ನಿಂತಿದ್ದರು. ನಾನು ಬಾಯಿ ಬಿಡಲಿಲ್ಲ.

ಮುಷ್ಕರ ಮುಗಿದ ದಿನವೇ ಹೊಸ ಆಳುಗಳು ಗೆರೆ ಹಿಡಿದು ನೆಟ್ಟಗೆ ಕೊಯ್ದರು. ಅವನು ಬರುವಷ್ಟರಲ್ಲಿ ಚಪ್ಪಡಿಗಳು ಲಾರಿ ಏರಿದ್ದವು. ಕಣ್ಣು ಬಿಡದ ಮರಿಗಳು ಕಲ್ಲಿನ ಪುಡಿಯಲ್ಲಿ ಬಿದ್ದಿದ್ದವು.

"ಒಂದ್ ಮಾತ್ ಹೇಳಬಾರ್ದಿತ್ತೇನ್ರಿ?" ಎಂದು ನನ್ನನ್ನು ಕೇಳಿದ.

"ಗೆರಿ ನೀವೇ ಹಾಕೀರಲ್ರಿ," ಎಂದೆ.

ಅವನ ಕೈ ಜೇಬಿನವರೆಗೆ ಹೋಯಿತು. ತಟ್ಟಲಿಲ್ಲ.