ಅಂಜಿನಮ್ಮನ ಹಸಿದ ತಾಕು

ಚೌಳಹಿರಿಯೂರಿನ ಸುತ್ತಮುತ್ತ ಯಾರ ಮನೆ ಮದುವೆಯಾದರೂ ಬಡಿಸಲು ಅಂಜಿನಮ್ಮ ಬೇಕೇ ಬೇಕು. ಪಲ್ಯ ಮುಗಿಯುವ ಹಾಗಿದ್ದರೆ ಎಲ್ಲರಿಗೂ ಚೂರು ಚೂರು ಹಾಕಿಯಾಳೇ ಹೊರತು ಕೊನೆಯವನ ಎಲೆ ಖಾಲಿ ಬಿಡುವ ಜಾಯಮಾನ ಅವಳದಲ್ಲ. ಸಾಹುಕಾರನಿಗೊಂದು, ಕೂಲಿಯವನಿಗೊಂದು ಅಂತ ಪಂಕ್ತಿಭೇದ ಮಾಡಿದವರ ಕೈಯಿಂದ ಸೌಟು ಕಿತ್ತುಕೊಂಡ ಹೆಂಗಸು. ಅಂಥವಳ ಹೊಲಕ್ಕೆ ವಿಜ್ಞಾನ ಬಂತು ನೋಡಿ!

ಅವಳ ಎರಡೆಕರೆ ಬರೀ ಚೌಳು. ಬಿಸಿಲು ಬಿದ್ದರೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಗುತ್ತಿತ್ತು. ಬಿತ್ತಿದ ರಾಗಿ ಗೇಣುದ್ದ ಬಂದು ಕೆಂಪಗಾಗಿ ಸಾಯುತ್ತಿತ್ತು. ಅಲ್ಲಿಗೆ ಮಣ್ಣಿನ ಸಂಶೋಧನೆ ಮಾಡುವ ವೇಣು ಬಂದ. ದೂರದ ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕೆ ಬಾರದೆಂದು ಗುಡ್ಡೆ ಹಾಕಿದ್ದ ಕಲ್ಲನ್ನು ಪರೀಕ್ಷೆ ಮಾಡಿಸಿ, ಪುಡಿ ಮಾಡಿಸಿ, ಚೌಳಿಗೆ ಮದ್ದಾದೀತೇನೋ ಅಂತ ಮೂಟೆಗಳಲ್ಲಿ ತಂದಿದ್ದ. ಅಕ್ಕಪಕ್ಕ ಎರಡು ತಾಕು ಅಳೆದು, ಒಂದಕ್ಕೆ ಆ ಕಪ್ಪು ಪುಡಿ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟ.

"ಇದು ಫಲ ಕೊಟ್ರೆ ನಿಮ್ಮ ಇಡೀ ಹೊಲಕ್ಕೆ ಲಾರೀಲಿ ಪುಡಿ ಬರುತ್ತೆ ಅಮ್ಮಾ. ಆ ಖಾಲಿ ತಾಕಿಗೆ ಮಾತ್ರ ಏನೂ ಹಾಕ್ಬೇಡಿ," ಅಂದ. ಅಂಜಿನಮ್ಮ ತಲೆಯಾಡಿಸಿದಳು. ಮಿಕ್ಕ ಮೂಟೆಗಳು ಅವಳ ಕೊಟ್ಟಿಗೆಯಲ್ಲೇ ಉಳಿದವು.

ಕೊಯ್ಲಿಗೆ ವೇಣು ಬಂದು ನೋಡುತ್ತಾನೆ, ಎರಡೂ ತಾಕಿನ ರಾಗಿ ಒಂದೇ ಎತ್ತರ! ತೂಗಿದ, ಮತ್ತೆ ತೂಗಿದ. ಅವನ ಮುಖ ಸಪ್ಪಗಾಯಿತು.

"ಏನೂ ಹಾಕದ್ದೂ ಇಷ್ಟೇ ಬೆಳೆದಿದೆ. ಅಂದ್ರೆ ಬೆಳೆಸಿದ್ದು ಈ ಸಲದ ಮಳೆ, ಪುಡಿಯಲ್ಲ. ಹಾಗಂತ ಬರೆದುಕೊಡ್ತೀನಿ. ಇನ್ನು ಲಾರಿ ಬರಲ್ಲ ಅಮ್ಮಾ."

ಅಂಜಿನಮ್ಮ ಇಕ್ಕಟ್ಟಿಗೆ ಸಿಕ್ಕಳು. ಬಾಯಿ ಬಿಟ್ಟರೆ ಮರ್ಯಾದೆ ಹೋಗುತ್ತದೆ, ಬಿಡದಿದ್ದರೆ ಹೊಲವೇ ಹೋಗುತ್ತದೆ.

"ಅಯ್ಯೋ, ಬರೀಬ್ಯಾಡ ಕಣಪ್ಪಾ! ನಾನೇ ಹಾಕಿದ್ದು. ನೀನು ಬೈಕ್ ಹತ್ತಿದ್ದೇ ತಡ, ಎರಡು ಮೂಟೆ ಹೊತ್ಕೊಂಡೋಗಿ ಅದಕ್ಕೂ ಹರಡ್ಬಿಟ್ಟೆ. ಒಂದೇ ಸಾಲಲ್ಲಿ ಕೂರ್ಸಿ ಒಂದಕ್ಕೆ ಇಕ್ಕಿ ಇನ್ನೊಂದನ್ನ ಉಪಾಸ ಕೆಡವೋದಾ? ನನ್ ಕೈಲಾಗ್ಲಿಲ್ಲ."

ಒಂದು ವರ್ಷದ ದುಡಿಮೆ ಮಣ್ಣುಪಾಲು! ಬೈಯಲು ಹೊರಟ ವೇಣು ಅವಳ ಮುಖ ನೋಡಿ ಬದುವಿನ ಮೇಲೆ ಕುಸಿದು ಕೂತ.

"ಮತ್ತೆ ಮೊದಲಿಂದ ಮಾಡ್ಬೇಕು. ಹೊಸದಾಗಿ ಎರಡು ತಾಕು. ಒಂದು ಖಾಲೀನೇ ಇರ್ಬೇಕು. ಆಗುತ್ತಾ ನಿಮ್ಮ ಕೈಲಿ?"

"ಆಗ್ತದೆ" ಅಂದಳು ಅವಳು, ತಾಕಿನ ಕಡೆ ನೋಡದೆ.

ಈ ವರ್ಷ ಪುಡಿ ಉಂಡ ತಾಕು ಹಸಿರಾಗಿದೆ, ಪಕ್ಕದ್ದು ಕೆಂಪಗೆ ಒಣಗುತ್ತಿದೆ. ಪಾಪ, ದಿನಾ ಅದರ ಮುಂದೆಯೇ ಓಡಾಡಿದರೂ ಅಂಜಿನಮ್ಮ ಹಿಡಿ ಪುಡಿ ಮುಟ್ಟಿಲ್ಲ. ಆದರೆ ಬಿತ್ತಿದ ದಿನದಿಂದ ಒಪ್ಪತ್ತು ಮಾತ್ರ ಉಣ್ಣುತ್ತಿದ್ದಾಳೆ. ಯಾವ ದೇವರಿಗೆ ಹರಕೆ ಹೊತ್ತಿದ್ದೀಯ ಅತ್ತೆ ಅಂತ ಸೊಸೆ ಶರ್ಮಿಳಾ ಕೇಳಿದಳು.

"ದೇವ್ರಿಗಲ್ಲ ಕಣೇ," ಅಂದಳು ಅಂಜಿನಮ್ಮ, ಹೊಲದ ಕಡೆ ನೋಡುತ್ತಾ. "ಆ ತಾಕು ನನಗೋಸ್ಕರ ಹಸ್ಕೊಂಡದೆ. ಅದು ಉಣ್ಣೋ ದಿನ ನಾನೂ ಎರಡೊತ್ತು ಉಣ್ತೀನಿ."