ಬಿಸ್ಕೆಟ್‌ಗೆ ಬೇಕಾಗಿದ್ದ ಬಿಸಿಲು

ನಾನು ಬಹರೈನ್‌ಗೆ ಬಂದ ಮೊದಲ ಚಳಿಗಾಲದ ಒಂದು ಸಂಜೆ, ಅಂಗಡಿಯ ಮೇಜಿನ ಮೇಲೆ ಹುಡುಗಿಯೊಬ್ಬಳು ಓತಿಯೊಂದನ್ನು ತಂದಿಟ್ಟಳು. ಮೊಳದುದ್ದದ ಓತಿ. ಮರಳಿನ ಬಣ್ಣ, ಪಕ್ಕೆಗಳಲ್ಲಿ ಮುಳ್ಳು, ಗಲ್ಲದ ಕೆಳಗೆ ಗಡ್ಡದ ಹಾಗೆ ಜೋತ ಚರ್ಮ. ಅದು ನನ್ನ ಅಳತೆಯ ಟೇಪಿನ ಮೇಲೆ ಕಾಲಿಟ್ಟು, ತಲೆ ಓರೆ ಮಾಡಿ ನನ್ನನ್ನು ನೋಡಿತು. ನಾನು ಕತ್ತರಿ ಬಿಟ್ಟು ಗೋಡೆಗೆ ಒರಗಿ ನಿಂತೆ. ಊರಿನಲ್ಲಿ ಬೇಲಿಯ ಮೇಲೆ ಓತಿ ಕಂಡರೆ ಕಲ್ಲು ಹೆಕ್ಕುತ್ತಿದ್ದವರು ನಾವು. ಇಲ್ಲಿ ಅದಕ್ಕೊಂದು ಹೆಸರಿತ್ತು. ಬಿಸ್ಕೆಟ್.

ನನ್ನ ಊರು ಮುಲ್ಕಿಯ ಹತ್ತಿರ. ಪೇಟೆಯಲ್ಲಿ ಸಣ್ಣ ಟೈಲರ್ ಅಂಗಡಿ ಇತ್ತು. ಹೆಂಡತಿ ಸುಗಂಧಿ ಕಾಜ ಹಾಕಿ ಗುಂಡಿ ಹೊಲಿದು ಕೊಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಅಂಗಡಿಯಲ್ಲಿ ಕೂರಲು ಆಗಲಿಲ್ಲ. ಮಕ್ಕಳಿಲ್ಲ. ನೆಂಟರೊಬ್ಬರು ವೀಸಾ ಕಳಿಸಿದರು, ಐವತ್ತು ದಾಟಿದ ಮೇಲೆ ವಿಮಾನ ಹತ್ತಿದೆ. ಈಗ ಜುಫೈರ್‌ನಲ್ಲಿ ಒಂದು ಆಲ್ಟರೇಶನ್ ಅಂಗಡಿಯಲ್ಲಿ ಕೆಲಸ. ಪಕ್ಕದಲ್ಲೇ ವಿದೇಶಿ ನೌಕಾನೆಲೆ ಇರುವುದರಿಂದ ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಸಮವಸ್ತ್ರಗಳೇ. ಹೆಸರಿನ ಪಟ್ಟಿ ಬಿಚ್ಚು, ಹೊಸದು ಹೊಲಿ, ಪ್ಯಾಂಟಿನ ಕಾಲು ಗಿಡ್ಡ ಮಾಡು. ಊರಿನಲ್ಲಿ ಒಬ್ಬಳ ಶಾಲೆಯ ಲಂಗದಿಂದ ಹಿಡಿದು ಅವಳ ಮದುವೆಯ ರವಿಕೆಯ ತನಕ ನಾನೇ ಹೊಲಿಯುತ್ತಿದ್ದೆ. ಇಲ್ಲಿ ಯಾರೂ ಅಷ್ಟು ಕಾಲ ನಿಲ್ಲುವುದಿಲ್ಲ. ಎರಡು ಮೂರು ವರ್ಷಕ್ಕೆ ವರ್ಗವಾಗುತ್ತದೆ. ಹೋಗುವಾಗ ಸೋಫಾ, ಸೈಕಲ್, ಬೆಕ್ಕು ಎಲ್ಲವನ್ನೂ ಹಂಚಿ ಹೋಗುತ್ತಾರೆ.

ಹೇಝಲ್ ಎಂಬ ಆ ಹುಡುಗಿಯ ತಾಯಿಯ ಸಮವಸ್ತ್ರ ನಾನೇ ಸರಿಮಾಡುತ್ತಿದ್ದೆ. ಅವರಿಗೂ ಹೊರಡುವ ಹೊತ್ತಾಗಿತ್ತು. ಬಿಸ್ಕೆಟ್‌ಗೆ ವಯಸ್ಸಾಗಿದೆ, ಅಷ್ಟು ದೂರದ ಪ್ರಯಾಣ ತಡೆಯಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಮುದಿ ಓತಿಯನ್ನು ಯಾರೂ ಒಪ್ಪಿಕೊಂಡಿರಲಿಲ್ಲ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಅವನು ಇರುವಷ್ಟು ದಿನ ನೋಡಿಕೊಳ್ಳುತ್ತೀರಾ?” ಎಂದು ಕೇಳಿದಳು.

ನನ್ನ ಇಂಗ್ಲಿಷಿನಲ್ಲಿ ಇಲ್ಲ ಎಂದು ನಯವಾಗಿ ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಅಷ್ಟೇ ಅಲ್ಲ, ಇರುವಷ್ಟು ದಿನ ಎಂಬ ಮಾತು ನನಗೆ ಎಲ್ಲೋ ತಾಗಿತು. “ನೋಡ್ತೇನೆ” ಎಂದೆ. ಮಾತು ಕೊಟ್ಟ ಹಾಗಾಯಿತು.

ನಾವು ಮೂವರು ಒಂದು ಫ್ಲ್ಯಾಟಿನಲ್ಲಿದ್ದೇವೆ. ಉಳ್ಳಾಲದ ರಫೀಕ್‌ಗೆ ಕೋಲ್ಡ್ ಸ್ಟೋರಿನಲ್ಲಿ ಕೆಲಸ. ನಮ್ಮ ಕಡೆಯ ಗೂಡಂಗಡಿಗೂ ದಿನಸಿ ಅಂಗಡಿಗೂ ಸೇರಿ ಇಲ್ಲಿನವರು ಇಟ್ಟ ಹೆಸರು ಅದು. ಕಿನ್ನಿಗೋಳಿಯ ಲಾರೆನ್ಸ್ ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ. ನಾನು ಬಿಸ್ಕೆಟ್ ಇದ್ದ ಗಾಜಿನ ಪೆಟ್ಟಿಗೆ ಹೊತ್ತು ಒಳಗೆ ಬಂದಾಗ ಇಬ್ಬರೂ ಊಟಕ್ಕೆ ಕೂತಿದ್ದರು.

“ಸಂಜೀವಣ್ಣ, ಇದೆಂತ ಮೊಸಳೆ ಮರಿಯಾ?” ಎಂದ ರಫೀಕ್.

“ಓತಿ. ಇನ್ನು ನಮ್ಮೊಟ್ಟಿಗೆ ಇರ್ತದೆ.”

“ಇದಕ್ಕೆ ಸಿಪಿಆರ್ ಉಂಟಾ?” ಸಿಪಿಆರ್ ಅಂದರೆ ಇಲ್ಲಿ ನಾವೆಲ್ಲ ಜೇಬಿನಲ್ಲಿಟ್ಟುಕೊಂಡು ತಿರುಗುವ ಗುರುತಿನ ಚೀಟಿ.

ಲಾರೆನ್ಸ್‌ಗೆ ನಗು ಬರಲಿಲ್ಲ. ಪೆಟ್ಟಿಗೆಯ ಪಕ್ಕದ ಡಬ್ಬಿಯಲ್ಲಿ ಜೀವಂತ ಮಿಡತೆಗಳಿದ್ದವು. “ಹೋಟೆಲಿನಲ್ಲಿ ಒಂದು ಹುಳ ಕಂಡ್ರೆ ನನ್ನ ಕೆಲಸ ಹೋಗ್ತದೆ. ಮನೆಗೆ ಬಂದ್ರೆ ನೀವು ಹುಳ ಸಾಕ್ತೀರಿ. ಎಂತ ಗ್ರಹಚಾರ ಮಾರಾಯ್ರೆ ನನ್ನದು!”

“ಹುಳ ನಮಗಲ್ಲ ಲಾರೆನ್ಸ್, ಅವನಿಗೆ.”

“ಹಾಗಾದ್ರೆ ಅವನಿಗೆ ಹೇಳಿ, ಅವನ ಪ್ಲೇಟು ಅವನೇ ತೊಳೀಲಿ.”

ಹಾಗೆ ಹೇಳಿದ ಲಾರೆನ್ಸನೇ ಮುಂದೆ ಹೋಟೆಲಿನಿಂದ ಸೊಪ್ಪಿನ ತುಂಡು ತರತೊಡಗಿದ. ರಫೀಕ್ ಜರ್ಜೀರ್ ತರುತ್ತಿದ್ದ. ಇಲ್ಲಿನವರು ಊಟದ ಜೊತೆ ಹಸಿಯಾಗಿ ಜಗಿಯುವ, ಸ್ವಲ್ಪ ಖಾರದ ಸೊಪ್ಪು ಅದು. ನನಗೆ ಮೊದಲು ಗಂಟಲಿಗಿಳಿಯಲಿಲ್ಲ. ಬಿಸ್ಕೆಟ್ ಆಸೆಯಿಂದ ತಿನ್ನುವುದನ್ನು ನೋಡಿ ನಾನೂ ರೂಢಿ ಮಾಡಿಕೊಂಡೆ. ಮಲಗುವ ಮೊದಲು ಅವನು ಒಂದು ಮುಂಗಾಲನ್ನು ಮೆಲ್ಲಗೆ ಎತ್ತಿ ತಿರುವಿ ಇಳಿಸುತ್ತಿದ್ದ. ರಫೀಕ್ ಅದಕ್ಕೆ ಸಲಾಂ ಎನ್ನುತ್ತಿದ್ದ, ಲಾರೆನ್ಸ್ ಶಿಲುಬೆ ಗುರುತು ಎನ್ನುತ್ತಿದ್ದ. ಕೆಲಸ ಮುಗಿಸಿ ಬಂದಾಗ ನನ್ನ ಕಡೆ ತಿರುಗುವ ಒಂದು ತಲೆ ಮನೆಯಲ್ಲಿತ್ತು. ಬಹಳ ಸಮಯದ ಮೇಲೆ.

ಪೆಟ್ಟಿಗೆಯೊಳಗೆ ಬಿಸಿಲಿನ ಬದಲು ಉರಿಸಲು ಹೇಝಲ್ ಬಿಟ್ಟುಹೋದ ವಿಶೇಷ ದೀಪವೊಂದು ಇತ್ತು. ಬೇಸಿಗೆ ಬರುವಷ್ಟರಲ್ಲಿ ಅದು ಕೆಟ್ಟಿತು. ಅದೇ ಆಕಾರದ ಸಾಮಾನ್ಯ ಬಲ್ಬು ತಂದು ಹಾಕಿದೆ. ಬಿಸಿಲಿಗೇನು ಕೊರತೆ ಈ ದೇಶದಲ್ಲಿ ಎಂದುಕೊಂಡು ಪೆಟ್ಟಿಗೆಯನ್ನು ಕಿಟಕಿಯ ಹತ್ತಿರ ಸರಿಸಿದೆ. ಕರಾವಳಿಯಲ್ಲಿ ಬೆಳೆದ ನಮಗೆ ಕಿಟಕಿ ಎಂದರೆ ಗಾಳಿಯೂ ಬಿಸಿಲೂ ಸೊಳ್ಳೆಯೂ ಬರುವ ದಾರಿ. ಇಲ್ಲಿ ಕಿಟಕಿ ಎಂದರೆ ಬರೀ ಗಾಜು. ಏಸಿ ಹಾಕಿದ ಮೇಲೆ ತಿಂಗಳುಗಟ್ಟಲೆ ಅದನ್ನು ಯಾರೂ ತೆರೆಯುವುದಿಲ್ಲ.

ಬೇಸಿಗೆ ಮುಗಿಯುವಾಗ ಬಿಸ್ಕೆಟ್‌ನ ಹಿಂಗಾಲು ನಡುಗತೊಡಗಿತು. ಹತ್ತುತ್ತಿದ್ದ ಮರದ ತುಂಡಿನಿಂದ ಜಾರಿ ಬಿದ್ದ. ರಫೀಕ್ ಸ್ನೇಹಿತನ ಕಾರು ತಂದ. ಪ್ರಾಣಿಗಳ ದವಾಖಾನೆಯಲ್ಲಿದ್ದದ್ದು ಈಜಿಪ್ಟ್ ಕಡೆಯ ಒಬ್ಬರು ಹೆಣ್ಣು ಡಾಕ್ಟರು, ವಯಸ್ಸಿನಲ್ಲಿ ನನಗೆ ಮಗಳಾಗಬಹುದು. ಬಿಸ್ಕೆಟ್‌ನ ದವಡೆ ಮುಟ್ಟಿ ನೋಡಿ, “ಬಿಸಿಲು ಸಿಗುತ್ತದಾ?” ಎಂದು ಕೇಳಿದರು.

“ದಿನವೂ. ಕಿಟಕಿಯ ಹತ್ತಿರವೇ ಇಡುತ್ತೇನೆ.”

“ಕಿಟಕಿ ತೆರೆದಿರುತ್ತದಾ?”

“ಇಲ್ಲ, ಏಸಿ ಇರುತ್ತದೆ” ಎಂದೆ. ಅವರು ಬಿಡಿಸಿ ಹೇಳಿದರು. ಗಾಜಿನೊಳಗಿಂದ ಬೆಳಕು ಬರುತ್ತದೆ, ಬಿಸಿಯೂ ಬರುತ್ತದೆ, ಎಲುಬಿಗೆ ಬೇಕಾದದ್ದು ಮಾತ್ರ ಹೊರಗೇ ಉಳಿಯುತ್ತದೆ. ಎಲುಬು ಮೆತ್ತಗಾಗಿದೆ. ವಯಸ್ಸೂ ಆಗಿದೆ, ಎಲ್ಲ ನಿಮ್ಮಿಂದ ಅಲ್ಲ. ಹೊಸ ದೀಪ ಹಾಕಿ, ಔಷಧ ಕೊಡಿ, ಬೆಳಿಗ್ಗೆ ತೆರೆದ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ. ನಾನು ಕುರ್ಚಿಯ ಕೈ ಹಿಡಿದು, ಮಂಡಿನೋವಿನಿಂದ ನಿಧಾನವಾಗಿ ಎದ್ದಾಗ ಅವರು ನಕ್ಕರು. “ಅಂಕಲ್, ನೀವು ಬಿಸಿಲು ನೋಡಿ ಎಷ್ಟು ಕಾಲವಾಯಿತು? ಇಬ್ಬರೂ ಕೂತುಕೊಳ್ಳಿ.”

ಲೆಕ್ಕ ಹಾಕಿದರೆ ಅವರು ಹೇಳಿದ್ದು ಸರಿ. ಫ್ಲ್ಯಾಟಿನಿಂದ ಅಂಗಡಿ, ಅಂಗಡಿಯಿಂದ ಫ್ಲ್ಯಾಟ್. ಬಾಲ್ಕನಿಗೆ ಹೋಗುತ್ತಿದ್ದದ್ದು ಬಟ್ಟೆ ಒಣಗಿಸಲು ಮಾತ್ರ.

ಮರುದಿನದಿಂದ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ನಾವಿಬ್ಬರೂ ಬಾಲ್ಕನಿಯಲ್ಲಿ ಕೂರತೊಡಗಿದೆವು. ಅಂಗಡಿಯಲ್ಲಿ ಉಳಿದ ಮೆತ್ತನೆಯ ಬಟ್ಟೆಯಿಂದ ಅವನಿಗೊಂದು ಜೋಳಿಗೆ ಹೊಲಿದೆ, ಕೊರಳಿಗೆ ಹಾಕಿಕೊಂಡರೆ ಎದೆಯ ಮೇಲೆ ಮಲಗುವ ಹಾಗೆ. ಎದುರು ಕಟ್ಟಡದ ಫಿಲಿಪಿನೋ ಹೆಂಗಸು ಕೈ ಬೀಸಿ “ಗುಡ್ ಮಾರ್ನಿಂಗ್ ಬಿಸ್ಕೆಟ್” ಎನ್ನುತ್ತಿದ್ದಳು. ನನಗೆ ಆ ಕಟ್ಟಡದಲ್ಲಿ ಮನುಷ್ಯರಿದ್ದಾರೆಂದು ತಿಳಿದದ್ದೇ ಆಗ. ಶುಕ್ರವಾರ ಜೋಳಿಗೆ ಹಾಕಿಕೊಂಡು ಸಮುದ್ರದ ಕಡೆ ನಡೆದು ಹೋದರೆ ಒಬ್ಬರಲ್ಲ ಒಬ್ಬರು ನಿಲ್ಲಿಸಿ ಮಾತಾಡಿಸುತ್ತಿದ್ದರು. ನನಗೆ ಗೊತ್ತಿರುವ ಅರಬ್ಬಿ ಮಾತುಗಳಲ್ಲಿ ಅರ್ಧ ಅವನು ಕಲಿಸಿದ್ದು.

ಅಂಗಡಿಗೆ ಥೋಬ್, ಅಂದರೆ ಇಲ್ಲಿನ ಗಂಡಸರು ತೊಡುವ ಉದ್ದ ಬಿಳಿ ಅಂಗಿ, ಸರಿಮಾಡಿಸಲು ಬರುವ ಅಬು ಖಲೀಲ್ ಎಂಬ ಹಿರಿಯರು ಒಂದು ಶುಕ್ರವಾರ ದಾರಿಯಲ್ಲಿ ಸಿಕ್ಕಿ ಜೋಳಿಗೆಯೊಳಗೆ ಇಣುಕಿದರು. ಅವರಿಗೆ ಹಿಂದಿ ಚೆನ್ನಾಗಿ ಬರುತ್ತದೆ.

“ಇದು ನಮ್ಮ ಢಬ್ ಅಲ್ಲ.” ಢಬ್ ಎಂದರೆ ಇಲ್ಲಿನ ಮರುಭೂಮಿಯ ದಪ್ಪ ಬಾಲದ ಓತಿ.

“ಅಲ್ಲ ಬಾಬಾ. ಇವನ ಮೂಲ ಆಸ್ಟ್ರೇಲಿಯಾ. ಅಮೆರಿಕದವರು ತಂದರು.”

“ಆಸ್ಟ್ರೇಲಿಯಾದವನು, ಅಮೆರಿಕದವರು ತಂದದ್ದು, ಹಿಂದಿ ಸಾಕುವುದು!” ಭಾರತದವರೆಲ್ಲ ಇವರ ಬಾಯಲ್ಲಿ ಹಿಂದಿಗಳೇ. “ಹಾಗಾದರೆ ಇವನು ಅಸಲಿ ಬಹರೈನಿ” ಎಂದು ಹೊಟ್ಟೆ ಕುಣಿಸಿ ನಕ್ಕರು.

ಕಾರ್ತಿಕ ಬಂತು. ಬಿಸ್ಕೆಟ್ ತಿನ್ನುವುದನ್ನು ನಿಲ್ಲಿಸಿದ. ಜರ್ಜೀರ್ ಬೇಡ, ಮಿಡತೆ ಬೇಡ. ಡಾಕ್ಟರು ಕೊಟ್ಟ ಔಷಧವನ್ನು ಬಾಯಿಯ ಅಂಚಿಗೆ ಹನಿಸಿದರೆ ಹೊರಗೆ ಚೆಲ್ಲಿದ. ತಾನಾಗಿ ತಿನ್ನದಿದ್ದರೆ ಹೆಚ್ಚು ದಿನ ಇಲ್ಲ ಎಂದರು ಡಾಕ್ಟರು. ಹೇಝಲ್‌ಗೆ ಏನೆಂದು ಬರೆಯಲಿ ಎಂದು ತಿಳಿಯದೆ ಹಳೆಯ ಫೋಟೋ ಕಳಿಸಿದೆ.

ಅದೇ ವಾರ ಸುಗಂಧಿ ತೀರಿಕೊಂಡು ಎರಡು ವರ್ಷ ತುಂಬಿತು. ಊರಿನಲ್ಲಿ ಅಣ್ಣ ಮಾಡಬೇಕಾದದ್ದನ್ನು ಮಾಡುತ್ತಾನೆ. ಆದರೂ ನನಗೆ ಇಲ್ಲಿ ಒಂದು ಎಲೆ ಹಾಕಬೇಕೆನಿಸಿತು. ನಮ್ಮಲ್ಲಿ ತೀರಿಕೊಂಡವರಿಗೆ ಬಡಿಸಿ ಹೊರಗಿಟ್ಟು, ಕಾಗೆ ಮುಟ್ಟಿದ ಮೇಲೆಯೇ ಮನೆಯವರು ಉಣ್ಣುವುದು. ರಫೀಕ್ ಬಾಳೆಲೆ ತಂದ. ಲಾರೆನ್ಸ್ ಪಾಳಿ ಬದಲಿಸಿಕೊಂಡು ಅಡುಗೆಗೆ ನಿಂತ. ಅನ್ನ, ಮೀನಿನ ಸಾರು, ಅವಳಿಗೆ ಇಷ್ಟದ ಸಿಹಿಕುಂಬಳದ ಪಲ್ಯ. ಎಲೆಯನ್ನು ಬಾಲ್ಕನಿಯಲ್ಲಿಟ್ಟೆ. ಬಿಸ್ಕೆಟ್ ಅಲ್ಲೇ ಮೂಲೆಯ ಬಿಸಿಲಿನಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದ.

ಕಾಗೆ ಬರಲಿಲ್ಲ. ಆ ಎತ್ತರದ ಕಟ್ಟಡಗಳ ನಡುವೆ ನಾನು ಕಾಗೆ ಕಂಡದ್ದೇ ಇಲ್ಲ. ಎಲೆ ಇಡುವ ತನಕ ಅದು ತಲೆಗೇ ಹೋಗಿರಲಿಲ್ಲ. ನಾವು ಮೂವರೂ ಬಾಗಿಲ ಒಳಗೆ ನಿಂತೆವು.

“ನೀವಿಬ್ಬರು ಉಣ್ಣಿ” ಎಂದೆ.

“ನೀವು ಉಣ್ಣದೆ ನಾವು ಹೇಗೆ ಉಣ್ಣುದು?” ಎಂದ ರಫೀಕ್. “ಕಾಯುವ.”

ಅನ್ನ ಆರಿತು. ಒಂದು ಪಾರಿವಾಳ ಬಂದು ಕಂಬಿಯ ಮೇಲೆ ಕೂತು ಹಾರಿಹೋಯಿತು. ಅವಳಿಗೆ ನಾನು ಇಷ್ಟು ದೂರ ಬಂದದ್ದು ಹಿಡಿಸಲಿಲ್ಲವೇನೋ ಎಂದುಕೊಂಡೆ. ಆಗ ಲಾರೆನ್ಸ್ ನನ್ನ ತೋಳು ಹಿಡಿದ.

ಬಿಸ್ಕೆಟ್ ಕಣ್ಣು ತೆರೆದಿದ್ದ. ಹಿಂಗಾಲು ಎಳೆಯುತ್ತ, ನಿಂತು, ಮತ್ತೆ ಎಳೆಯುತ್ತ ಎಲೆಯ ತನಕ ಬಂದ. ಅನ್ನ ಬಿಟ್ಟ, ಮೀನು ಬಿಟ್ಟ. ಕುಂಬಳದ ಹೋಳೊಂದನ್ನು ನಾಲಿಗೆಯಿಂದ ಮುಟ್ಟಿ, ಬಾಯಿ ತೆರೆದು ತಿಂದ. ಇನ್ನೊಂದು ತಿಂದ.

ರಫೀಕ್ ಮೆಲ್ಲಗೆ, “ಬನ್ನಿ ಸಂಜೀವಣ್ಣ, ಊಟ ಮಾಡುವ. ಅತ್ತಿಗೆಯದ್ದು ಆಯ್ತು” ಎಂದ.

ಪಲ್ಯದಲ್ಲಿ ಉಪ್ಪಿತ್ತಲ್ಲ ಎಂಬ ಹೆದರಿಕೆ ಆಮೇಲೆ ಹುಟ್ಟಿತು. ಡಾಕ್ಟರಿಗೆ ಫೋನ್ ಮಾಡಿದೆ. ಎರಡು ಹೋಳಿಗೆ ಏನೂ ಆಗದು, ಇನ್ನು ಮುಂದೆ ಸಪ್ಪೆ ಬೇಯಿಸಿ ಕೊಡಿ, ತಿಂದದ್ದೇ ದೊಡ್ಡದು ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಸಪ್ಪೆ ಕುಂಬಳ ಖಾಯಂ ಆಯಿತು.

ಅವನು ಆ ಚಳಿಗಾಲವನ್ನು ಪೂರ್ತಿ ದಾಟಿದ. ಓಡಾಡಲಿಲ್ಲ, ಮರದ ತುಂಡು ಹತ್ತಲಿಲ್ಲ, ಆದರೆ ನನ್ನ ಎದೆಯ ಮೇಲೆ ಕೂತು ಬಿಸಿಲು ಕಾಯಿಸಿದ, ತಿಂದ, ಒಮ್ಮೊಮ್ಮೆ ಕೈ ಎತ್ತಿದ. ಬಿಸಿಲು ಮತ್ತೆ ಜೋರಾಗುವ ಮೊದಲು ಒಂದು ಬೆಳಿಗ್ಗೆ ಜೋಳಿಗೆಯಲ್ಲೇ ಹೋದ. ನಾನು ಅಂಗಡಿಗೆ ಹೊರಡಲು ಎದ್ದಾಗ ತಿಳಿಯಿತು.

ಅಬು ಖಲೀಲ್‌ಗೆ ಅಂಗಡಿಯಲ್ಲಿ ಯಾರೋ ಹೇಳಿದ್ದರು. ಅವರೇ ಕಾರಿನಲ್ಲಿ ಬಂದು ನಮ್ಮನ್ನು ತಮ್ಮ ಮನೆಗೆ ಕರೆದೊಯ್ದರು. ಹಿತ್ತಿಲಲ್ಲಿ ಕನಾರ್ ಮರವಿದೆ. ನಮ್ಮ ಬೋರೆಹಣ್ಣಿನ ಮರವೇ, ಹಣ್ಣು ಸ್ವಲ್ಪ ದೊಡ್ಡದು. ಅದರ ಬುಡದಲ್ಲಿ ಜೋಳಿಗೆ ಸಮೇತ ಮಣ್ಣು ಮಾಡಿದೆವು. ಅವರು ಮುಷ್ಟಿ ತುಂಬ ಹಣ್ಣು ಕೊಟ್ಟು ಕಳಿಸಿದರು. ಹೇಝಲ್‌ಗೆ ಮರದ ಫೋಟೋ ಕಳಿಸಿದೆ. ವಿಡಿಯೋದಲ್ಲಿ ಬಂದು ಅತ್ತಳು, ಆಮೇಲೆ “ಮಾತು ಉಳಿಸಿಕೊಂಡಿರಿ” ಎಂದಳು. ಆ ಪುಟ್ಟ ಹುಡುಗಿ ನನಗೆ ಏನು ಕೊಟ್ಟು ಹೋಗಿದ್ದಳೆಂದು ಹೇಳಲು ನನ್ನ ಇಂಗ್ಲಿಷ್ ಸಾಲಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ರಜೆಯಲ್ಲಿ ಊರಿಗೆ ಹೋದಾಗ ಅಣ್ಣನ ಕಂಪೌಂಡು ಗೋಡೆಯ ಮೇಲೆ ಓತಿಯೊಂದು ಕೂತಿತ್ತು. ಅದು ಇಳಿದು ಹೋಗುವ ತನಕ ನಿಂತೆ.

“ಎಂತ ನೋಡುದು ಮಾರಾಯ?” ಎಂದ ಅಣ್ಣ.

“ಪರಿಚಯದವನ ಹಾಗೆ ಕಂಡ.”

ಅವನು ನಕ್ಕ. “ಇನ್ನೆಷ್ಟು ಸಮಯ ಅಲ್ಲಿ? ಬಂದು ಬಿಡು” ಎಂದ. ಸುಗಂಧಿಯ ಬೂದಿ ಬಿಟ್ಟ ಹೊಳೆ ಅಲ್ಲಿಗೆ ಕಾಣುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದೆ. ಕನಾರ್ ಮರದ ಬುಡ ಕಣ್ಣಿಗೆ ಬಂತು. “ನೋಡುವ” ಎಂದು ರಜೆ ಮುಗಿಸಿ ಬಹರೈನ್‌ಗೆ ಮರಳಿದೆ.

ಈ ಕಾರ್ತಿಕದಲ್ಲೂ ಬಾಲ್ಕನಿಯಲ್ಲಿ ಎಲೆ ಹಾಕಿದೆವು. ಅವಳಿಗೆ ಅನ್ನ, ಮೀನು, ಪಲ್ಯ. ಎಲೆಯ ತುದಿಯಲ್ಲಿ ಉಪ್ಪು ಹಾಕದ ಕುಂಬಳದ ಎರಡು ಹೋಳು. ಅಣ್ಣ ಊರಿನಿಂದ ಫೋನ್ ಮಾಡಿ, ಇಲ್ಲಿ ಕಾಗೆ ಮುಟ್ಟಿತು, ಅಲ್ಲಿ ಬಂತಾ ಎಂದು ಕೇಳಿದ. ಕಾಯುತ್ತಿದ್ದೇವೆ ಎಂದೆ. ರಫೀಕ್, ಲಾರೆನ್ಸ್ ಬಾಗಿಲಲ್ಲಿ ನಿಂತಿದ್ದರು. ನಾನು ಬಿಸಿಲಿಗೆ ಬೆನ್ನು ಕೊಟ್ಟು, ಬಿಸ್ಕೆಟ್ ಕೂರುತ್ತಿದ್ದ ಮೂಲೆ ಬಿಟ್ಟು, ಪಕ್ಕದಲ್ಲಿ ಕೂತೆ.