ಸೋಲೂರಿಗೆ ಹೋಗಿ ಹೇಳಬೇಕಾದ ಮಾತು

ಚನ್ನಪಟ್ಟಣದಿಂದ ಬೆಳಗಿನ ಬಸ್ಸಿಗೆ ಸಾತನೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನಾನು ದೊಡ್ಡಆಲಹಳ್ಳಿ ತಲುಪಿದಾಗ ಬಿಸಿಲು ಆಗಲೇ ಏರಿತ್ತು. ಮಾರ್ಚ್ ತಿಂಗಳು, ಕ್ರೈಸ್ತರಿಗೆ ಈಸ್ಟರ್ ಹಬ್ಬದ ಮುಂಚಿನ ತಪಸ್ಸು ಕಾಲ. ಬಸ್ ನಿಲ್ದಾಣದಲ್ಲಿ ಕೂರಲು ಜಾಗವಿದ್ದರೂ ಚೌರಪ್ಪ ಅದರ ಮುಂದೆ ಅತ್ತಿಂದಿತ್ತ ನಡೆದಾಡುತ್ತಿದ್ದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನೀರಿನ ಬಾಟಲಿ. ಎಡಗೆನ್ನೆ ಒಳಕ್ಕೆ ಎಳೆದುಕೊಂಡಿತ್ತು.

ಅವರು ಹತ್ತಿರದ ಒಂದು ಕ್ರೈಸ್ತರ ಹಳ್ಳಿಯ ರೇಷ್ಮೆ ಬೆಳೆಗಾರ. ಗೂಡಿನ ಧಾರಣೆಯ ಬಗ್ಗೆ ಪತ್ರಿಕೆಗೆ ಬರೆಯುವಾಗ ನಾನು ಫೋನು ಮಾಡುತ್ತಿದ್ದವರಲ್ಲಿ ಒಬ್ಬರು. ಕಳೆದ ವರ್ಷ ಬಾಯಿಯಲ್ಲಿ ಹುಣ್ಣಾಗಿ, ಆಪರೇಷನ್‌ನಲ್ಲಿ ನಾಲಗೆಯ ಒಂದು ಭಾಗ ತೆಗೆದರು. ಈಗ ಮಾತು ದಪ್ಪಗೆ, ಗಂಟಲಿನಿಂದ ಬರುತ್ತದೆ. ಸೋಲೂರಿನಲ್ಲಿರುವ ತಮ್ಮನ ಹೆಂಡತಿಗೆ ಒಂದು ಮಾತು ಹೇಳಬೇಕು, ಜೊತೆಗೆ ಬನ್ನಿ ಎಂದು ಆ ವಾರ ಅವರೇ ಫೋನು ಮಾಡಿದ್ದರು.

“ನಾನೇಳೋದು ಅವ್ಳಿಗೆ ಅರ್ಥಾಗ್ದೆ ಹೋದ್ರೆ ನೀವು ಬುಡಿಸಿ ಹೇಳ್ಬೇಕು ಸಾರ್. ನಮ್ಮೋರ್ಯಾರೂ ಬ್ಯಾಡ. ನಮ್ಮೋರಾದ್ರೆ ಒಸಿ ಮೆತ್ಗೆ ಮಾಡ್ಬುಡ್ತಾರೆ.”

ನಾನು ಕ್ರೈಸ್ತನಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಎಂಬ ಒಂದೇ ನಂಬಿಕೆಯ ಮೇಲೆ ಅವರು ನನ್ನನ್ನು ಕರೆದಿದ್ದರು.

ಕನಕಪುರದ ಬಸ್ಸು ತುಂಬಿತ್ತು. ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ಈ ಕಡೆಯ ಬಸ್ಸುಗಳಲ್ಲಿ ಗಂಡಸರು ನಿಂತೇ ಹೋಗುತ್ತಾರೆ. ಕಂಬಿ ಹಿಡಿದು ನಿಂತು ಚೌರಪ್ಪ ನಡೆದದ್ದನ್ನು ಹೇಳತೊಡಗಿದರು. ಅರ್ಧ ಮಾತು ನನಗೆ ತಿಳಿಯಲಿಲ್ಲ. ಕನಕಪುರದಲ್ಲಿ ಇಳಿದು ರಾಮನಗರದ ಬಸ್ಸಿನಲ್ಲಿ ಅಕ್ಕಪಕ್ಕ ಸೀಟು ಸಿಕ್ಕಿದ ಮೇಲೆ ಮತ್ತೆ ಮೊದಲಿನಿಂದ ಹೇಳಿಸಿಕೊಂಡೆ.

ಆರು ವರ್ಷದ ಹಿಂದಿನ ಮಾತು. ಅಣ್ಣತಮ್ಮಂದಿರು ಒಟ್ಟಿಗಿದ್ದರು. ಪೊರೆ ಬಿಡುವ ಮುನ್ನ ಹುಳು ಮೇವು ನಿಲ್ಲಿಸಿ ಮಲಗುವುದನ್ನು ಬೆಳೆಗಾರರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಕಳೆದು, ಇನ್ನು ಕೆಲವೇ ದಿನದಲ್ಲಿ ಗೂಡು ಕಟ್ಟಬೇಕಿದ್ದ ಹುಳು ಒಂದು ಬೆಳಿಗ್ಗೆ ಹಸಿರು ನೀರು ಕಕ್ಕಿ ಸಾಯತೊಡಗಿತು. ಹೊಗೆಸೊಪ್ಪು ರೇಷ್ಮೆ ಹುಳಕ್ಕೆ ವಿಷ. ಅದನ್ನು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕಬಾರದು ಎಂಬುದು ಎಲ್ಲ ಬೆಳೆಗಾರರಿಗೂ ಗೊತ್ತು. ಹಿಂದಿನ ಸಂಜೆ ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕಿ ಬಾಯಿಗಿಟ್ಟುಕೊಂಡು, ಕೈ ತೊಳೆಯದೆ ಮೇವು ಹಾಕಿದ್ದವರು ಚೌರಪ್ಪ.

ಅವರ ತಾಯಿ ಕೇಳಿದ್ದು ಬೇರೆ ಪ್ರಶ್ನೆ. ಮುಟ್ಟಾದವರು ಯಾರಾದರೂ ಹುಳುಮನೆಯೊಳಗೆ ಹೋಗಿದ್ದರಾ? ಆ ಊರಿನ ಚರ್ಚಿನಲ್ಲಿ ಆ ಮೈಲಿಗೆ ಇಲ್ಲ, ಹುಳುಮನೆಯಲ್ಲಿ ಇದೆ. ತಮ್ಮನ ಹೆಂಡತಿ ಲೂರ್ದಮ್ಮ ಆ ದಿನಗಳಲ್ಲಿ ಮುಟ್ಟಾಗಿ ಜಗಲಿಯಲ್ಲೇ ಇದ್ದಳು. ಚೌರಪ್ಪ ಹೇಳಿದ್ದು ಒಂದೇ ಮಾತು: “ಲೂರ್ದಮ್ಮ ಒಳಕ್ಕೋಗಿದ್ದಂಗಿತ್ತು.”

ಹೋಗಿದ್ದಳು ಎನ್ನಲಿಲ್ಲ, ಹೋಗಿದ್ದ ಹಾಗಿತ್ತು ಎಂದರು. ಪತ್ರಿಕೆಯಲ್ಲಿ ನಾವು ‘ಎನ್ನಲಾಗಿದೆ’ ಎಂದು ಬರೆದು ಕೈ ತೊಳೆದುಕೊಳ್ಳುವುದು ನೆನಪಾಯಿತು. ಊರು ಮಾತಾಡಿತು. ಎರಡು ತಿಂಗಳಲ್ಲಿ ಲೂರ್ದಮ್ಮ ಗಂಡನನ್ನು ಕರೆದುಕೊಂಡು ಸೋಲೂರಿನ ತವರಿಗೆ ಹೋದಳು. ಅತ್ತೆಯ ಮಣ್ಣಿಗೂ ಬರಲಿಲ್ಲ.

“ವರ್ಷ್‌ವರ್ಷಾನೂ ಪಾಪನಿವೇದ್ನೆ ಮಾಡ್ತಿದ್ದೆ,” ಎಂದರು. “ಸುಳ್ಳೇಳಿವ್ನಿ ಅಂತಿದ್ದೆ. ಯಾವ ಸುಳ್ಳು ಅಂತ ಹೇಳ್ತಿರ್ನಿಲ್ಲ. ಸಾಮ್ಯೋರು ಮೂರು ಜಪ ಕೊಡೋರು, ಮುಗುಸ್ಕೊಂಡು ಮನೀಗ್ ಬರ್ತಿದ್ದೆ.”

ಈ ವರ್ಷ ಪೂರ್ತಿ ಹೇಳಬೇಕೆಂದು ಚರ್ಚಿನ ಗುರುಗಳ ಎದುರು ಮೊಣಕಾಲೂರಿದರು. ನಾಲಗೆ ತಿರುಗಲಿಲ್ಲ. ವಯಸ್ಸಾದ ಗುರುಗಳು “ಏನಪ್ಪ, ಇನ್ನೊಂದ್ಸಲ ಹೇಳು” ಎಂದರು. ಹೇಳಿದರು. “ಒಸಿ ಜೋರಾಗಿ” ಎಂದರು ಗುರುಗಳು. ಮೂರನೇ ಸಲ ಕೂಗಿದಾಗ ಹಿಂದೆ ಸಾಲಿನಲ್ಲಿದ್ದವರು, ಕೇಳಿಸಿಕೊಳ್ಳಬಾರದೆಂದು, ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರಂತೆ. ಜಪವೊಂದೇ ಸಾಲದು, ಆ ಹೆಣ್ಣುಮಗಳ ಮುಂದೆ ಹೋಗಿ ನಿಲ್ಲು ಎಂದರು ಗುರುಗಳು.

ಆ ಪಾಪಕ್ಕೆ ದೇವರು ಕಾಯಿಲೆ ಕೊಟ್ಟ ಎನ್ನುತ್ತೀರಾ ಎಂದು ಕೇಳಿದೆ.

“ಇಲ್ಲ ಕಣಪ್ಪ. ಕಾಯ್ಲೆ ಹೊಗೆಸೊಪ್ಪು ಕೊಡ್ತು. ಕಾಯ್ಲೆ ಬಂದ್ಮೇಲೆ ಸುಮ್ಕಿರಾಕೆ ಬುಡ್ನಿಲ್ವಲ್ಲ, ಅದು ದೇವ್ರು. ಶೋಧ್ನೆ ಅಂತೀವಿ ನಾವು.”

“ನಮ್ಮ ಪೇಪರಿನಲ್ಲಿ ಶೋಧ ಅಂದರೆ ಪೊಲೀಸರು ಮನೆ ಜಾಲಾಡೋದು,” ಎಂದೆ.

“ಅದೇಯ. ಒಳಕ್ ಬಂದು ಪಾತ್ರೆ, ಬಟ್ಟೆ, ಎಲ್ಲಾನೂ ಈಚಿಗಾಕದು. ಕ್ಲೀನಾಯ್ತದೆ, ಆದ್ರೆ ಬೀದೀಲಿ ನಿಂತ್ಕಬೇಕು.”

ರಾಮನಗರದಲ್ಲಿ ಇಳಿದಾಗ, ನೂಲು ತೆಗೆಯುವ ಕಡೆಯಿಂದ ಬೆಂದ ಹುಳದ ವಾಸನೆ ಗಾಳಿಯಲ್ಲಿತ್ತು. ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಇಡ್ಲಿಯನ್ನು ಸಾಂಬಾರಿನಲ್ಲಿ ಪೂರ್ತಿ ಕಲಸಿ ಚಮಚದಿಂದ ಕುಡಿದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಮಾಗಡಿ ಬಸ್ಸು ಬಂತು, ಏಳಲಿಲ್ಲ.

“ರಶ್ಶೈತೆ. ಮುಂದಿನ್ದಕ್ಕೆ ಹೋಗಣ.”

ಬಸ್ಸು ಅರ್ಧ ಖಾಲಿ ಇತ್ತು. ಅವರು ನೀರು ಕುಡಿದರು, ಶೌಚಾಲಯಕ್ಕೆ ಹೋಗಿ ಬಂದರು, ಮತ್ತೆ ಹೋದರು. ಹೊರಗೆ ನಿಂತು ವಾಪಸು ಹೋಗುವ ಕನಕಪುರದ ಬಸ್ಸಿನ ಬೋರ್ಡು ಓದುತ್ತಿದ್ದರು. ನಾನು ಒತ್ತಾಯ ಮಾಡಲಿಲ್ಲ. ಎರಡನೇ ಬಸ್ಸು ಬಂದಾಗ ನನಗಿಂತ ಮೊದಲು ಹತ್ತಿದರು.

ಮಾಗಡಿಗೆ ಗಂಟೆಗೂ ಹೆಚ್ಚಿನ ಪ್ರಯಾಣ. ಬಂಡೆಗುಡ್ಡ, ಮಾವಿನ ತೋಟ, ತಿರುವು. ದಾರಿಯುದ್ದಕ್ಕೂ ಅವರ ತುಟಿ ಆಡುತ್ತಿತ್ತು. ಜಪ ಎಂದುಕೊಂಡೆ. ಹತ್ತಿರ ಬಾಗಿ ಕೇಳಿದರೆ ಹೇಳಬೇಕಾದ ವಾಕ್ಯವನ್ನೇ ಅಭ್ಯಾಸ ಮಾಡುತ್ತಿದ್ದರು. ಮಾಗಡಿಯಲ್ಲಿ ಸೋಲೂರಿನ ಬಸ್ಸು ಹೊರಡುವುದರಲ್ಲಿತ್ತು. ಓಡಿ ಹತ್ತಿದೆವು.

ಲೂರ್ದಮ್ಮನ ಮನೆ ಸೋಲೂರಿನ ಹೊರಗೆ ತೆಂಗಿನ ತೋಟದ ಅಂಚಿನಲ್ಲಿದೆ. ಕೊಟ್ಟಿಗೆಯಲ್ಲಿ ಮೂರು ಹಸು. ಗಂಡ ಡೈರಿಗೆ ಹೋಗಿದ್ದ. ಸಗಣಿ ಬಾಚುತ್ತಿದ್ದವಳು ಭಾವನನ್ನು ಕಂಡು ಸೆರಗು ಸರಿಮಾಡಿಕೊಂಡಳೇ ಹೊರತು ಕೂರಿ ಎನ್ನಲಿಲ್ಲ.

“ಬಾಯಾಪರೇಶನ್ ಆಯ್ತಂತೆ, ಕೇಳ್ದೆ,” ಎಂದಳು.

ಚೌರಪ್ಪ ನಿಂತೇ ಹೇಳಿದರು. ಕೈಯಲ್ಲಿ ಹೊಗೆಸೊಪ್ಪಿತ್ತು, ತೊಳೆಯಲಿಲ್ಲ, ಹುಳ ಸತ್ತದ್ದು ನನ್ನಿಂದ, ನೀನು ಒಳಗೆ ಹೋಗಿರಲಿಲ್ಲ, ನನಗೆ ಗೊತ್ತಿತ್ತು. ಕೊನೆಯ ಮಾತುಗಳು ಕಲಸಿಹೋದವು. ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಲೂರ್ದಮ್ಮ ಕೈ ಅಡ್ಡ ಹಿಡಿದಳು.

“ನೀವೇನೂ ಹೇಳ್ಬೇಡಿ ಸಾರ್. ನಂಗ್ಗೊತ್ತು. ಆವತ್ತೇ ಗೊತ್ತಿತ್ತು. ಬಾಗ್ಲಲ್ಲಿ ಇವ್ರು ಹೊಗೆಸೊಪ್ಪು ಉಗುದಿದ್ದು ನಾನೇ ಅಲ್ವಾ ತೊಳ್ದಿದ್ದು?”

ಆಮೇಲೆ ಚೌರಪ್ಪನ ಕಡೆ ತಿರುಗಿದಳು.

“ಆವತ್ತು ಹೋಗಿದ್ದಂಗಿತ್ತು ಅಂದ್ರಿ ಬಾವ. ಊರೋರು ‘ಅಂಗಿತ್ತು’ ಬುಟ್ಬುಟ್ರು, ‘ಹೋಗಿದ್ಲು’ ಮಡೀಕಂಡ್ರು. ಗೊತ್ತಿರೋಳ್ಗೆ ಇಷ್ಟು ದೂರ ಬಂದು ಹೇಳಿದ್ರೆ ಏನಾಯ್ತದೆ? ಗೊತ್ತಿಲ್ದೋರು ಅಲ್ಲವ್ರೆ.”

“ಕ್ಷಮಿಸ್ಬುಡವ್ವ.”

“ಅಲ್ಲಿ ಹೇಳಿ. ಆಮೇಲೆ ನೋಡಣ.”

ಅಷ್ಟು ಹೇಳಿ ಒಳಗೆ ಹೋದಳು. ಬಂದದ್ದು ಮಜ್ಜಿಗೆಯ ಎರಡು ಲೋಟಗಳೊಂದಿಗೆ. ಚೌರಪ್ಪನ ಲೋಟದಲ್ಲಿ ಮೆಣಸಿನಕಾಯಿ, ಕೊತ್ತಂಬರಿ ಏನೂ ಇರಲಿಲ್ಲ. ನನ್ನದರಲ್ಲಿತ್ತು.

ವಾಪಸು ಮಾಗಡಿ, ರಾಮನಗರ, ಕನಕಪುರ. ಅವರಿಗೆ ನೆಟ್ಟಗೆ ಕೂರಲಾಗಲಿಲ್ಲ. ಬಾಟಲಿಯ ಮುಚ್ಚಳ ಬಿಚ್ಚುತ್ತ, ಹಾಕುತ್ತ ಇದ್ದರು. ರಾಮನಗರದಲ್ಲೇ ಚನ್ನಪಟ್ಟಣದ ಬಸ್ಸು ಹಿಡಿಯಬಹುದಿದ್ದ ನಾನು ಅವರ ಜೊತೆ ಕನಕಪುರದವರೆಗೂ ಬಂದೆ. ದೊಡ್ಡಆಲಹಳ್ಳಿಯ ಬಸ್ಸು ಹೊರಡುವವರೆಗೆ ಜೊತೆಗಿರೋಣವೆಂದು ಅದಕ್ಕೂ ಹತ್ತಿದೆ. ಸಂಜೆಯ ಬಸ್ಸು. ಸಂತೆಯ ಚೀಲಗಳ ನಡುವೆ ಅವರ ಊರಿನ ಹೆಂಗಸರೇ ಒಂದು ಗುಂಪು ಕೂತಿತ್ತು.

“ಏನ್ ಚೌರಣ್ಣ, ಇಸ್ತ್ರಿ ಅಂಗಿ! ಎಲ್ಲಿ, ಹೆಣ್ ನೋಡಕ್ಕೋಗಿದ್ರಾ?” ಎಂದಳು ಒಬ್ಬಳು. ಉಳಿದವರು ನಕ್ಕರು.

“ಸೋಲೂರ್‌ಗೆ. ಲೂರ್ದಮ್ಮನ್ತವ,” ಎಂದರು ಚೌರಪ್ಪ. ನಗು ಕಡಿಮೆಯಾಯಿತು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರು ಮುಂದಿನದನ್ನು ಹೇಳಿದರು. ಅದೇ ಹೊತ್ತಿಗೆ ಡ್ರೈವರು ಇಂಜಿನ್ ಚಾಲೂ ಮಾಡಿದ.

“ಏನಂತಾವ್ರೆ ಸಾ? ಒಂದೂ ತಿಳೀನಿಲ್ಲ,” ಎಂದು ಆಕೆ ನನ್ನನ್ನು ಕೇಳಿದಳು.

ಹೇಳಬಹುದಿತ್ತು. ಬಂದದ್ದೇ ಅದಕ್ಕೆ. ನಾನು ಚೌರಪ್ಪನ ಮುಖ ನೋಡಿದೆ. ಅವರು ತಲೆಯಾಡಿಸಿ ಬೇಡವೆಂದರು, ಬಾಟಲಿಯಿಂದ ಒಂದು ಗುಟುಕು ನೀರು ಕುಡಿದರು.

ನಾನು ಇಳಿದೆ. ಬಸ್ಸು ಹಿಂದಕ್ಕೆ ಸರಿದು ತಿರುಗುವಾಗ, ತೆರೆದ ಕಿಟಕಿಗಳಲ್ಲಿ ಹೆಂಗಸರ ತಲೆಗಳೆಲ್ಲ ಒಂದೇ ಕಡೆ ತಿರುಗಿದ್ದವು. ಇಂಜಿನ್ ಸದ್ದಿನ ಮೇಲೆ ಚೌರಪ್ಪನ ದನಿ ಕೇಳುತ್ತಿತ್ತು, ಇನ್ನೊಂದು ಸಲ, ಒಸಿ ಜೋರಾಗಿ.